ಉಪ್ಪಿನವನ ಪಥ್ಯ

"ಗುರುಗಳೇ, ಪಥ್ಯ ಹೇಳುವುದರಿಂದ ರೋಗಿಗೆ ಗುಣವಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ವೈದ್ಯಶಾಲೆಯಲ್ಲಿ ಮೂರು ವರ್ಷದಿಂದ ಕಲಿಯುತ್ತಿದ್ದ. ಬೆಳಿಗ್ಗೆ ಬೇರು ಕುಟ್ಟುತ್ತಿದ್ದ. ಮಧ್ಯಾಹ್ನದವರೆಗೆ ರೋಗಿಗಳನ್ನು ನೋಡುತ್ತಿದ್ದ. ಪ್ರತಿಯೊಬ್ಬರಿಗೂ ಔಷಧದ ಜೊತೆ ಎರಡು ಮಾತು ಹೇಳಬೇಕೆಂಬುದು ಗುರುಗಳ ನಿಯಮ. ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ನಡೆಯಬೇಕು, ಎಷ್ಟು ಮಲಗಬೇಕು.

"ಈ ಪ್ರಶ್ನೆ ಇವತ್ತು ಯಾಕೆ ಬಂತು?" ಎಂದರು ಗುರುಗಳು.

"ಕಳೆದ ಮಳೆಗಾಲದಿಂದ ಗುರುತು ಹಾಕಿಕೊಂಡು ಬಂದಿದ್ದೇನೆ. ಅರವತ್ತು ಜನಕ್ಕೆ ಪಥ್ಯ ಹೇಳಿದೆ. ಪಾಲಿಸಿದವರು ಒಂಬತ್ತು ಜನ. ಔಷಧ ಕೊಟ್ಟರೆ ಕುಡಿಯುತ್ತಾರೆ. ಮಾತು ಕೊಟ್ಟರೆ ಹೊಸ್ತಿಲ ಮೇಲೆ ಬಿಟ್ಟು ಹೋಗುತ್ತಾರೆ. ಆ ಹೊತ್ತಿನಲ್ಲಿ ಇನ್ನೆರಡು ಕಷಾಯ ಕಾಯಿಸಬಹುದು. ಪಥ್ಯ ಹೇಳುವುದನ್ನು ನಿಲ್ಲಿಸಲು ಅಪ್ಪಣೆ ಕೊಡಿ."

"ಆ ಒಂಬತ್ತು ಜನ ಹೇಗಿದ್ದಾರೆ?"

"ಸ್ವಲ್ಪ ಮೇಲು. ಪೂರ್ತಿ ಗುಣವಾದವರು ಒಬ್ಬರೂ ಇಲ್ಲ."

ಗುರುಗಳು ಅಪ್ಪಣೆ ಕೊಡಲಿಲ್ಲ, ಇಲ್ಲವೆನ್ನಲೂ ಇಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ, ಈ ಕತೆ ಹೇಳಿದರು.

ಸಮುದ್ರದ ದಂಡೆಯ ಊರೊಂದರಲ್ಲಿ ಉಪ್ಪು ಮಾಡುವವನೊಬ್ಬನಿದ್ದ. ಉಬ್ಬರದ ನೀರನ್ನು ಪಾತಿಗೆ ಕಟ್ಟಿ, ಬಿಸಿಲಿಗೆ ಬಿಟ್ಟು, ಹಲಗೆಯಿಂದ ಉಪ್ಪು ಎಳೆಯುವುದು ಅವನ ಕಸುಬು. ಅಪ್ಪನದೂ ಅದೇ, ಅಜ್ಜನದೂ ಅದೇ. ಐವತ್ತು ದಾಟುವ ಹೊತ್ತಿಗೆ ಅವನ ಪಾದಗಳು ಬಾತವು. ಆಮೇಲೆ ಮೀನಖಂಡಗಳು ಬಾತವು. ಹತ್ತು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ.

ಅಲ್ಲಿಂದ ಎರಡು ಹರದಾರಿ ದೂರದ ಪೇಟೆಯಲ್ಲಿ ಒಬ್ಬ ವೈದ್ಯನಿದ್ದ. ಚೆನ್ನಾಗಿ ಕಲಿತವನು, ಕೈಗುಣ ಉಳ್ಳವನು. ಅಳತೆಯಲ್ಲಿ ಅವನಿಗೆ ಬಹಳ ನಿಷ್ಠೆ. ಬಾವು ಬಂದ ರೋಗಿಯ ಕಾಲಿಗೆ ದಾರ ಸುತ್ತಿ, ಎರಡು ತುದಿ ಕೂಡುವ ಕಡೆ ಎರಡರಲ್ಲೂ ಒಂದೊಂದು ಗಂಟು ಹಾಕಿ, ಆ ದಾರವನ್ನು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ. ಮುಂದಿನ ಸಲ ಅದೇ ದಾರ, ಅದೇ ಕಾಲು. ಬಾವು ಇಳಿದಿದ್ದರೆ ದಾರ ಸಡಿಲವಾಗುತ್ತಿತ್ತು. ಏರಿದ್ದರೆ ಗಂಟಿಗೆ ಗಂಟು ಕೂಡುತ್ತಿರಲಿಲ್ಲ. ರೋಗಿಯ ಬಾಯಿ ಏನಾದರೂ ಹೇಳಲಿ, ದಾರ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಮಾತು.

ಉಪ್ಪಿನವನು ಈ ವೈದ್ಯನ ಬಳಿಗೆ ಬಂದ. ವೈದ್ಯ ನಾಡಿ ನೋಡಿದ. ಪಾದದ ಮೇಲೆ ಬೆರಳು ಒತ್ತಿದ. ಕುಳಿ ಬಿದ್ದು ಹಾಗೆಯೇ ಉಳಿಯಿತು. ದಾರ ಸುತ್ತಿ ಗಂಟು ಹಾಕಿದ. ನೆಗ್ಗಿಲ ಮುಳ್ಳು, ಕೊಮ್ಮೆ ಬೇರು ಕಟ್ಟಿ ಕೊಟ್ಟ. ಆಮೇಲೆ ಹೇಳಿದ:

"ಉಪ್ಪು ಬಿಡಬೇಕು."

ಉಪ್ಪಿನವನಿಗೆ ನಗು ಬಂತು. "ಮೀನಿಗೆ ನೆನೆಯಬೇಡ ಅಂದ ಹಾಗಾಯಿತಲ್ಲ, ವೈದ್ಯರೇ."

"ನಗುವ ಮಾತಲ್ಲ. ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ. ನೀರು ನಿಂತರೆ ಎದೆ ಸೋಲುತ್ತದೆ. ಬರುವ ಬೇಸಿಗೆ ನೋಡುವ ಆಸೆ ಇದೆಯೋ ಇಲ್ಲವೋ?"

"ಇದೆ."

"ಹಾಗಾದರೆ ಊರಿಗೆ ಉಪ್ಪು ಮಾಡು. ನೀನು ತಿನ್ನಬೇಡ."

ಉಪ್ಪಿನವನು ಮನೆಗೆ ಹೋದವನೇ ಹೆಂಡತಿಗೆ ಹೇಳಿದ: "ಇವತ್ತಿನಿಂದ ಅಡುಗೆಗೆ ಉಪ್ಪು ಹಾಕಬೇಡ. ವೈದ್ಯರ ಅಪ್ಪಣೆ."

ಅವಳು ಅವನ ಮುಖ ನೋಡಿದಳು. ಒಳಗೆ ಹೋದಳು.

ಹದಿನೈದು ದಿನ ಕಳೆದು ಉಪ್ಪಿನವನು ಮತ್ತೆ ಪೇಟೆಗೆ ಬಂದ. ದಾರ ಬಿಗಿಯಾಗಿಯೇ ಇತ್ತು. ವೈದ್ಯ ಔಷಧ ಹೆಚ್ಚಿಸಿದ. ಇನ್ನೂ ಹದಿನೈದು ದಿನ ಕಳೆಯಿತು. ದಾರ ಹಾಗೆಯೇ ಇತ್ತು.

"ಉಪ್ಪು ಬಿಟ್ಟೆಯಾ?"

"ಬಿಟ್ಟೆ."

"ಉಪ್ಪಿನಕಾಯಿ?"

"ಬಿಟ್ಟೆ."

"ಒಣಮೀನು?"

"ಪಕ್ಕದ ಮನೆಯಲ್ಲಿ ಸುಟ್ಟರೂ ಈ ಕಡೆ ಮುಖ ತಿರುಗಿಸಿ ಕೂರುತ್ತೇನೆ."

ಮೂರನೆಯ ಸಲ ಗಂಟುಗಳು ಕೂಡಲಿಲ್ಲ. ನಡುವೆ ಒಂದು ಬೆರಳಿನ ಅಂತರವಿತ್ತು. ಬಾವು ಏರಿತ್ತು.

ವೈದ್ಯನಿಗೆ ಸಿಟ್ಟು ಬಂತು. "ದಾರ ಸುಳ್ಳು ಹೇಳುವುದಿಲ್ಲ. ಇಲ್ಲಿ ಇರುವುದು ದಾರ ಮತ್ತು ನೀನು. ಹಾಗಾದರೆ ಸುಳ್ಳು ಹೇಳುವವರು ಯಾರು?"

ಜಗಲಿಯ ಮೇಲೆ ಕಾಯುತ್ತಿದ್ದವರು ನಕ್ಕರು. "ಉಪ್ಪಿನವನು ಉಪ್ಪು ಬಿಟ್ಟನಂತೆ, ಬೆಕ್ಕು ಸನ್ಯಾಸಿಯಾಯಿತಂತೆ" ಎಂದ ಒಬ್ಬ.

"ನನ್ನ ತಾಯಿಯಾಣೆ, ವೈದ್ಯರೇ" ಎಂದ ಉಪ್ಪಿನವನು. "ಒಂದೂವರೆ ತಿಂಗಳಿಂದ ನನ್ನ ನಾಲಗೆ ಉಪ್ಪಿನ ರುಚಿ ಕಂಡಿಲ್ಲ."

"ಪಥ್ಯ ಮಾಡದವನಿಗೆ ಔಷಧ ಕೊಡುವುದೂ ಒಂದೇ, ಒಡೆದ ಕೊಡಕ್ಕೆ ನೀರು ಹೊಯ್ಯುವುದೂ ಒಂದೇ. ಇನ್ನು ಬರಬೇಡ."

ಉಪ್ಪಿನವನು ಗೋಡೆ ಹಿಡಿದು ಎದ್ದ. ಇಳಿದು ಹೋದ.

ಮುಂದಿನ ಹದಿನೈದಕ್ಕೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಅವನ ದಾರ ಮೊಳೆಯಲ್ಲೇ ಇತ್ತು.

ವೈದ್ಯ ಕೆಟ್ಟವನಲ್ಲ. ದಾರ ಕಣ್ಣಿಗೆ ಬಿದ್ದಾಗಲೆಲ್ಲ ಅವನಿಗೆ ಒಂದು ಯೋಚನೆ ಬರತೊಡಗಿತು. ಹತ್ತು ಹೆಜ್ಜೆಗೆ ಉಸಿರು ಕಟ್ಟುವ ಮನುಷ್ಯ ಎರಡು ಹರದಾರಿ ನಡೆದು ಬರುತ್ತಿದ್ದ. ಬಂದಷ್ಟೇ ದೂರ ನಡೆದು ಹೋಗುತ್ತಿದ್ದ. ಪಥ್ಯ ಬೇಡವಾಗಿದ್ದರೆ ಮನೆಯಲ್ಲೇ ಕೂರಬಹುದಿತ್ತು. ಸುಳ್ಳು ಹೇಳುವುದಕ್ಕಾಗಿ ಯಾರೂ ಬಾತ ಕಾಲಿನಲ್ಲಿ ಅಷ್ಟು ದೂರ ನಡೆಯುವುದಿಲ್ಲ. ಹಾಗಾದರೆ ಮನುಷ್ಯ ಹೇಳುವುದು ನಿಜ. ದಾರ ಹೇಳುವುದೂ ನಿಜ. ಎರಡೂ ನಿಜವಾಗಿದ್ದರೆ, ತಾನು ಕಾಣದ ಮೂರನೆಯದು ಒಂದಿದೆ.

ಅದನ್ನು ಪೇಟೆಯಲ್ಲಿ ಕೂತು ಕಾಣಲಾಗದು ಎಂದು ತೋರಿತು. ಒಂದು ದಿನ ಬೆಳಿಗ್ಗೆ ವೈದ್ಯ ಉಪ್ಪಿನವನ ಊರಿಗೆ ಹೊರಟ. ಅವನ ಕಾಲುಗಳು ಗಟ್ಟಿಯಾಗಿದ್ದವು. ಆದರೂ ದಾರಿಯಲ್ಲಿ ಎರಡು ಕಡೆ ಕೂತು ದಣಿವಾರಿಸಿಕೊಂಡ.

ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಉಪ್ಪಿನವನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಬಾವು ಮೊಣಕಾಲು ದಾಟಿತ್ತು. ವೈದ್ಯನನ್ನು ಕಂಡು ಏಳಲು ನೋಡಿದ. ಆಗಲಿಲ್ಲ.

"ಬೈಯುವುದು ಬಾಕಿ ಉಳಿದಿತ್ತೇ, ವೈದ್ಯರೇ? ಹೇಳಿ ಕಳಿಸಿದ್ದರೆ ನಾನೇ ಬರುತ್ತಿದ್ದೆ."

"ಊಟಕ್ಕೆ ಬಂದೆ."

"ನಮ್ಮ ಮನೆಯಲ್ಲೇ? ಉಪ್ಪಿಲ್ಲದ ಊಟ. ನಿಮ್ಮ ಕೃಪೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೇಗ ಬೇಗ ಹೇಳಿದಳು: "ನಿಮಗೆ ಬೇರೆ ಅಡುಗೆ ಮಾಡುತ್ತೇನೆ. ತುಸು ಕೂತುಕೊಳ್ಳಿ."

"ಬೇಡ ತಂಗೀ. ಅವನಿಗೆ ಬಡಿಸಿದ್ದೇ ನನಗೂ ಇರಲಿ."

ಅವಳು ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ಎರಡು ಎಲೆ ಹಾಕಿದಳು. ಅನ್ನ ಬಡಿಸಿದಳು, ಹುರುಳಿ ಸಾರು ಬಡಿಸಿದಳು. ವೈದ್ಯ ಒಂದು ತುತ್ತು ಬಾಯಿಗಿಟ್ಟ.

ಉಪ್ಪು ಇತ್ತು.

ಅವನು ಉಪ್ಪಿನವನ ಕಡೆ ನೋಡಿದ. "ನೋಡಿದಿರಾ? ಮಣ್ಣು ತಿಂದ ಹಾಗೆ" ಎಂದ ಉಪ್ಪಿನವನು. ಅವನ ಮುಖದಲ್ಲಿ ಕಪಟವಿರಲಿಲ್ಲ. ವೈದ್ಯ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಿ ಸೌಟಿನಿಂದ ಸಾರು ಕದಡತೊಡಗಿದಳು.

ಆಗ ವೈದ್ಯನಿಗೆ ತಿಳಿಯಿತು. ಉಪ್ಪಿನವನ ನಾಲಗೆ ಹುಟ್ಟಿದಾಗಿನಿಂದ ಉಪ್ಪಿನ ಗಾಳಿಯಲ್ಲಿ ಬೆಳೆದದ್ದು. ಪಾತಿಯ ನೀರು ಹಾರಿ ತುಟಿಗೆ ಬೀಳುತ್ತದೆ, ಬೆವರು ಇಳಿದು ಬಾಯಿಗೆ ಬರುತ್ತದೆ. ಅಂಥ ನಾಲಗೆಗೆ ಇಷ್ಟು ಉಪ್ಪು ಉಪ್ಪೇ ಅಲ್ಲ. ಅವನು ಆಣೆ ಇಟ್ಟು ಹೇಳಿದ್ದು ನಿಜವನ್ನೇ.

ಒಂದು ಮಾತು ಆಡಿದರೆ ಸಾಕಿತ್ತು. ದಾರ ಗೆಲ್ಲುತ್ತಿತ್ತು, ವೈದ್ಯನೂ ಗೆಲ್ಲುತ್ತಿದ್ದ. ಆದರೆ ಗಂಡನ ಎದುರಿನಲ್ಲಿ ಹೆಂಡತಿ ಸೋಲುತ್ತಿದ್ದಳು. ವೈದ್ಯ ಇನ್ನೊಂದು ತುತ್ತು ಕಲಸಿದ.

"ಸಾರು ಚೆನ್ನಾಗಿದೆ, ತಂಗೀ."

ಊಟವಾದ ಮೇಲೆ ಕೈ ತೊಳೆಯಲು ಹಿತ್ತಿಲಿಗೆ ಹೋದ. ಅವಳು ಚೊಂಬಿನಿಂದ ನೀರು ಹೊಯ್ದಳು. ವೈದ್ಯ ಮೆಲ್ಲಗೆ ಕೇಳಿದ:

"ಎಷ್ಟು ಹಾಕುತ್ತೀ?"

ನೀರು ನಿಂತಿತು.

"ಮೂರು ಬೆರಳಿಗೆ ಬಂದಷ್ಟು" ಎಂದಳು.

"ಯಾಕೆ?"

"ನೀವು ಪೇಟೆಯವರು, ನಿಮಗೆ ಗೊತ್ತಿಲ್ಲ. ನಮ್ಮವರಲ್ಲಿ ಉಪ್ಪಿಲ್ಲದ ಅಡುಗೆ ಮಾಡುವುದು ಸಾವಾದ ಮನೆಯಲ್ಲಿ. ಹತ್ತು ದಿನ. ಹನ್ನೊಂದನೆಯ ದಿನ ಕೇರಿಯ ಹಿರಿಯಳು ಬಂದು ಗಡಿಗೆಗೆ ಉಪ್ಪು ಹಾಕಿದರೆ ಸೂತಕ ಮುಗಿಯಿತು. ಈ ಮನೆಯ ಒಲೆಯ ಮೇಲೆ ಎರಡು ಸಲ ಆ ಅಡುಗೆ ಆಗಿದೆ. ಮಾವ ಹೋದಾಗ ಒಮ್ಮೆ. ನನ್ನ ಮೊದಲ ಮಗಳು ಹೋದಾಗ ಒಮ್ಮೆ. ಬದುಕಿ ಕೂತ ಗಂಡನ ಮುಂದೆ ಅದನ್ನು ಹೇಗೆ ಇಡಲಿ? ನೀವು ಹೇಳಿದಿರಿ ಅಂತ ಮೊದಲ ದಿನ ಇಟ್ಟೆ. ಅವರು ಉಂಡರು. ನನಗೆ ಗಂಟಲಿನಲ್ಲಿ ಇಳಿಯಲಿಲ್ಲ. ಎರಡನೆಯ ದಿನ ಕೈ ತಾನೇ ಉಪ್ಪಿನ ಮರಿಗೆಗೆ ಹೋಯಿತು."

ವೈದ್ಯ ಒದ್ದೆ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದ.

"ಅವರಿಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೆ ತಿಂದ ಹಾಗಾಗುವುದಿಲ್ಲ ಅಂದುಕೊಂಡೆ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೇಳಿ. ಅವರ ಕಾಲು ಹೀಗಾದದ್ದು ನನ್ನಿಂದಲೇ? ನನ್ನ ಕೈಯಿಂದಲೇ ಅವರನ್ನು ಕಳೆದುಕೊಳ್ಳುತ್ತೇನೆಯೇ?"

"ರೋಗ ಬಂದದ್ದು ನಿನ್ನಿಂದಲ್ಲ. ಇಳಿಯದಿರುವುದಕ್ಕೆ ಆ ಮೂರು ಬೆರಳೂ ಒಂದು ಕಾರಣ. ನಾನೂ ಒಂದು ಕಾರಣ."

"ನೀವು ಹೇಗೆ?"

"ಅಡುಗೆ ಮಾಡುವವಳನ್ನು ಬಿಟ್ಟು ಉಣ್ಣುವವನಿಗೆ ಹೇಳಿದೆ."

"ಹೌದು" ಎಂದಳು ಅವಳು. ಅಳುತ್ತಲೇ ಅವಳಿಗೆ ಸಿಟ್ಟೂ ಬಂತು. "ಬೇಡ ಅಂದಿರಿ, ಕಳಿಸಿಬಿಟ್ಟಿರಿ. ಮನೆಯಲ್ಲಿ ಯಾರಿದ್ದಾರೆ, ಏನು ಕಷ್ಟ ಅಂತ ಒಂದು ಮಾತು ಕೇಳಲಿಲ್ಲ. ನಿಮ್ಮ ಔಷಧ ಅರೆದವಳು ನಾನು. ಅವರನ್ನು ಕೂರಿಸಿ ಒರಗಿಸಿದವಳು ನಾನು. ನಾಲ್ಕು ಜನರ ಎದುರಿಗೆ ಸುಳ್ಳ ಅನ್ನಿಸಿಕೊಂಡು ಬಂದು ಅವರು ಎರಡು ದಿನ ಮಾತಾಡಲಿಲ್ಲ. ಅದನ್ನು ನೋಡಿದವಳೂ ನಾನೇ."

"ತಪ್ಪಾಯಿತು" ಎಂದ ವೈದ್ಯ.

ಇದೆಲ್ಲ ಬರೀ ನಂಬಿಕೆ, ಬಿಟ್ಟುಬಿಡು ಎಂಬ ಮಾತು ಅವನ ಬಾಯಿಗೆ ಬಂದಿತ್ತು. ಅವನು ಅದನ್ನು ನುಂಗಿದ. ಅದನ್ನು ಹೇಳಿದರೆ ಅವಳು ತಲೆಯಾಡಿಸುತ್ತಾಳೆ, ಮರುದಿನ ಎರಡೇ ಬೆರಳಿನಲ್ಲಿ ಹಾಕುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅವನು ಕಲ್ಲಿನ ಮೇಲೆ ಕೂತು ಕೇಳಿದ:

"ನನಗೆ ಗೊತ್ತಿಲ್ಲದ್ದನ್ನು ಕೇಳುತ್ತೇನೆ, ಹೇಳು. ಮದುವೆ ಊಟದಲ್ಲಿ ನೀವು ಮೊದಲು ಏನು ಬಡಿಸುತ್ತೀರಿ?"

"ಉಪ್ಪು. ಎಲೆಯ ತುದಿಗೆ."

"ಸಾವಿನ ಮನೆಯಲ್ಲಿ?"

"ಗಡಿಗೆಗೂ ಇಲ್ಲ, ಎಲೆಗೂ ಇಲ್ಲ. ಎಲೆಯ ತುದಿ ಬರಿದಾಗಿರುತ್ತದೆ."

ಹೇಳಿ ಅವಳು ನಿಂತಳು. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಬಸಳೆಯ ಬುಡಕ್ಕೆ ಹೊಯ್ದಳು. ವೈದ್ಯ ಅವಸರ ಮಾಡಲಿಲ್ಲ.

"ಗಡಿಗೆಗೆ ಹಾಕದೆ ಎಲೆಯ ತುದಿಗೆ ನಾಲ್ಕು ಹರಳು ಇಟ್ಟರೆ?" ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಆಗ ಅದು ಸಾವಿನ ಊಟ ಅಲ್ಲ."

"ನೋಡುವವರ ಕಣ್ಣಿಗೋ, ನಿನ್ನ ಕಣ್ಣಿಗೋ?"

ಅವಳು ಯೋಚಿಸಿದಳು. "ನನ್ನ ಕಣ್ಣಿಗೂ ಅಲ್ಲ."

"ಆದರೆ ಆ ಹರಳನ್ನು ಅವನು ಮುಟ್ಟಬಾರದು."

"ಮುಟ್ಟಲಿ ನೋಡೋಣ. ಸೌಟು ನನ್ನ ಕೈಯಲ್ಲೇ ಇರುತ್ತದೆ."

ಇದು ವೈದ್ಯನಿಗೆ ತೋಚದ ಉಪಾಯ. ಅವನ ಯಾವ ಗ್ರಂಥದಲ್ಲೂ ಇದು ಇರಲಿಲ್ಲ. ಅವನು ಜಗಲಿಗೆ ಬಂದು, ಉಪ್ಪಿನವನ ಕಾಲಿಗೆ ಹೊಸ ದಾರ ಸುತ್ತಿ, "ಇನ್ನು ನೀನು ಬರುವುದು ಬೇಡ, ನಾನು ಬರುತ್ತೇನೆ" ಎಂದು ಹೇಳಿ ಹೋದ.

ಅದೇ ದಿನ ಸಂಜೆ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಹೇಳಿದ: "ಊರಿಗೆಲ್ಲ ಉಪ್ಪು ಹಂಚುವವನ ಕಣ್ಣಿಗೇ ಉಪ್ಪು ಎರಚಿದೆಯಲ್ಲೇ!" ಹೇಳಿ ನಕ್ಕ. ನಕ್ಕು ನಕ್ಕು ಉಸಿರು ಕಟ್ಟಿತು. ಅವಳು ಬೆನ್ನು ನೀವಬೇಕಾಯಿತು.

ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಮೊದಲ ವಾರ ಅವನು ಅರ್ಧ ಊಟಕ್ಕೆ ಏಳುತ್ತಿದ್ದ. "ಮೊದಲಿನ ಮಣ್ಣೇ ರುಚಿಯಾಗಿತ್ತು" ಎನ್ನುತ್ತಿದ್ದ. ಅವಳು ಮುರುಗಲ ಹುಳಿ ಹಾಕಿ ನೋಡಿದಳು. ಕಾಳುಮೆಣಸು ಹಾಕಿ ನೋಡಿದಳು. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಾಗ ಒಂದು ದಿನ ಪೂರ್ತಿ ಉಂಡ. ತಂಗಿಯ ಮನೆಯ ಮದುವೆಗೆ ಹೋದವನು ಕಂಡದ್ದನ್ನೆಲ್ಲ ತಿಂದು ಬಂದ. ಕಾಲು ಮತ್ತೆ ಬಾತಿತು. ಅವಳು ಅತ್ತಳು. ಅವನು, "ನಾನು ಹೇಗೂ ಸಾಯುವವನು, ತಿಂದೇ ಸಾಯುತ್ತೇನೆ" ಎಂದು ಕೂಗಾಡಿದ.

ವೈದ್ಯ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಬಂದವನು ಮೊದಲು ದಾರ ತೆಗೆಯುತ್ತಿರಲಿಲ್ಲ. "ಈ ಸಲ ಏನು ಕಷ್ಟವಾಯಿತು?" ಎಂದು ಕೇಳುತ್ತಿದ್ದ. ಅವರು ಹೇಳುತ್ತಿದ್ದರು. ಕೆಲವು ಸಲ ಅವನ ಬಳಿ ಪರಿಹಾರವಿರುತ್ತಿತ್ತು, ಕೆಲವು ಸಲ ಇರುತ್ತಿರಲಿಲ್ಲ. ಇಲ್ಲದಿದ್ದಾಗ ಇಲ್ಲವೆಂದೇ ಹೇಳುತ್ತಿದ್ದ. ತಾನು ಹಿಂದಿನ ಸಲ ಹೇಳಿದ್ದು ನಡೆಯದಿದ್ದರೆ ಅದನ್ನು ಬದಲಿಸುತ್ತಿದ್ದ. ಆಮೇಲೆ ದಾರ ಸುತ್ತುತ್ತಿದ್ದ.

ಎರಡನೆಯ ತಿಂಗಳಿಗೆ ಏರುವುದು ನಿಂತಿತು. ನಾಲ್ಕನೆಯ ತಿಂಗಳಿಗೆ ದಾರದ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲವಾಯಿತು. ಒಂದು ದಿನ ವೈದ್ಯ ಬಂದಾಗ ಉಪ್ಪಿನವನು ಚಾಪೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, ಎಬ್ಬಿಸಬೇಡಿ ಎಂದು ಸನ್ನೆ ಮಾಡಿದಳು. ವೈದ್ಯ ಆ ದಿನ ಅಳತೆ ತೆಗೆದುಕೊಳ್ಳದೆ ಹೋದ.

ಬೇಸಿಗೆ ಬಂತು. ಉಪ್ಪಿನವನು ನಡೆದೇ ಪಾತಿಯ ಕಡೆಗೆ ಹೋದ. ಹಲಗೆ ಎಳೆಯುವ ಶಕ್ತಿ ಮರಳಿ ಬರಲಿಲ್ಲ. ತೂಬಿನ ಹತ್ತಿರ ಕೂತು, ಉಬ್ಬರದ ನೀರನ್ನು ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುತ್ತಿದ್ದ. ಹಲಗೆ ಎಳೆಯುವವರನ್ನು ಬಾಯಿ ತುಂಬ ಬೈಯುತ್ತಿದ್ದ. ಮಧ್ಯಾಹ್ನ ಹೆಂಡತಿ ಊಟ ಕಟ್ಟಿಕೊಂಡು ಬರುತ್ತಿದ್ದಳು. ಇಬ್ಬರೂ ಏರಿಯ ಮೇಲೆ ಕೂತು ಉಣ್ಣುತ್ತಿದ್ದರು.

ಹಾಗೆ ಅವನು ನಾಲ್ಕು ಬೇಸಿಗೆ ಕಂಡ. ಐದನೆಯ ಬೇಸಿಗೆಗೆ ಮುಂಚೆ ಎದೆ ಸೋತಿತು.

ಗುರುಗಳು ಕತೆ ಮುಗಿಸಿದರು.

ಶಿಷ್ಯ ಬೆರಳು ಮಡಿಚತೊಡಗಿದ. ಅವನು ಎಣಿಸಿ ನೋಡುವ ಸ್ವಭಾವದವನು.

"ವೈದ್ಯ ಆ ಮನೆಗೆ ಎಷ್ಟು ಸಲ ಹೋದ, ಗುರುಗಳೇ?"

"ಮೊದಲ ವರ್ಷ ಇಪ್ಪತ್ತಕ್ಕೂ ಹೆಚ್ಚು ಸಲ. ಆಮೇಲೆ ತಿಂಗಳಿಗೊಮ್ಮೆ."

"ಒಬ್ಬ ಮನುಷ್ಯನಿಗಾಗಿ ಅಷ್ಟು ಸಲ ಹೋಗಿದ್ದಾನೆ. ಅಷ್ಟು ಮಾತು ಆಡಿದ್ದಾನೆ. ಆದರೂ ರೋಗ ಹೋಗಲಿಲ್ಲ. ಸಿಕ್ಕಿದ್ದು ನಾಲ್ಕು ಬೇಸಿಗೆ." ಶಿಷ್ಯ ತಡೆದು ಹೇಳಿದ, "ಅಷ್ಟೇ."

ಗುರುಗಳ ಮುಖದಲ್ಲಿ ಕೋಪವಿರಲಿಲ್ಲ.

"ಆ ‘ಅಷ್ಟೇ’ ಎಂಬ ಮಾತನ್ನು ಆ ಉಪ್ಪಿನವನ ಹೆಂಡತಿಯ ಎದುರು ನಿಂತು ಹೇಳಬಲ್ಲೆಯಾ?" ಎಂದರು.

ಮರುದಿನ ಬೆಳಿಗ್ಗೆ ಮೊದಲ ರೋಗಿ ಬಂದಾಗ ಶಿಷ್ಯ, "ಮನೆಯಲ್ಲಿ ಅಡುಗೆ ಮಾಡುವವರು ಯಾರು?" ಎಂದು ಕೇಳಿದ.